ಅಲ್ಲಾಡಿಸಿ ನೋಡಿದ ಚಂದ್ರ

ಗುಬ್ಬಿ ತಾಲ್ಲೂಕಿನ ಶಾಲೆಗಳಲ್ಲಿ ಬದುಕೆಲ್ಲ ಪಾಠ ಹೇಳಿ ರಿಟೈರ್ ಆದವಳು ನಾನು. ಚಂದ್ರ ಭೂಮಿಯ ಉಪಗ್ರಹ, ಅದಕ್ಕೆ ಸ್ವಂತ ಬೆಳಕಿಲ್ಲ, ಅಲ್ಲಿ ಗಾಳಿಯಿಲ್ಲ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೋ ಶಿವನಿಗೇ ಗೊತ್ತು. ಎಂತೆಂಥ ತರಲೆ ಮಕ್ಕಳೂ ನಂಬಿದರು. ನಂಬದೆ ಹೋದವರು ಒಬ್ಬರೇ, ನಾನು ಕಟ್ಟಿಕೊಂಡ ಗಂಡ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ?

"ಚಂದ್ರ ಟೊಳ್ಳು ಕಣೇ," ಎಂದರು ಒಂದು ಬೆಳಿಗ್ಗೆ. ಲಿಂಗಪೂಜೆ ಮುಗಿಸಿ ಎದ್ದು ಬಂದಿದ್ದರು, ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. "ಅದು ತಾನಾಗಿ ಹುಟ್ಟಿದ್ದಲ್ಲ. ಯಾರೋ ಮಾಡಿ ತಂದು ನಿಲ್ಸವ್ರೆ."

ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. "ಮಾಡಿದವರು ಯಾರಂತೆ? ಅವರಿಗೆ ಮನೇಲಿ ಬೇರೆ ಕೆಲಸ ಇರಲಿಲ್ವಂತಾ?"

"ನೀನು ನಗಾಡು. ವಿಡಿಯೋ ನೋಡು ಬಾ, ಗೊತ್ತಾಯ್ತದೆ."

ಆ ವಿಡಿಯೋ ಕಳಿಸಿದವನು ತಿಮ್ಮೇಶ. ಕುಣಿಗಲ್ ಕಡೆಯವನು. ವರ್ಷಕ್ಕೊಮ್ಮೆ ತನ್ನ ಆಳುಗಳನ್ನು ಕಟ್ಟಿಕೊಂಡು ನಮ್ಮೂರು ಸಿ.ಎಸ್. ಪುರಕ್ಕೆ ಬಂದು ನಮ್ಮ ಅಟ್ಟದ ಕೊಬ್ಬರಿ ಕಾಯಿ ಸುಲಿದು ಒಡೆದು ಕೊಡುತ್ತಾನೆ. ಉಳಿದ ವರ್ಷವೆಲ್ಲ ಅವನಿಗೆ ಫೋನಿನಲ್ಲಿ ಬಂದದ್ದನ್ನೆಲ್ಲ ನಮ್ಮ ಮನೆಯವರಿಗೆ ದಾಟಿಸುವುದೇ ಕೆಲಸ. ಮುಂಜಾನೆಯ ಗುಲಾಬಿ ಹೂವು, ಮೂಲವ್ಯಾಧಿಗೆ ಔಷಧಿ, ಈಗ ಚಂದ್ರ.

ವಿಡಿಯೋದಲ್ಲಿ ಒಬ್ಬ ಗಂಟಲು ಹರಿಯುವಂತೆ ಹೇಳುತ್ತಿದ್ದ. ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಹಿಂದೆ ಏನೋ ಮುಚ್ಚಿಟ್ಟಿದ್ದಾರೆ. ಗ್ರಹಣದ ದಿನ ಸೂರ್ಯನಿಗೆ ಅಳತೆ ಕೊಟ್ಟು ಮಾಡಿಸಿದ ಮುಚ್ಚಳದ ಹಾಗೆ ಕೂರುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಅಮೆರಿಕದವರು ಅಲ್ಲಿಗೆ ಹೋಗಿ ಬರುವಾಗ ಬೇಡದ ನೌಕೆಯನ್ನು ಚಂದ್ರನ ಮೇಲೆ ಬೀಳಿಸಿದರಂತೆ. ಆಗ ಚಂದ್ರ ಸುಮಾರು ಒಂದು ಗಂಟೆ ಹೊತ್ತು ಗಂಟೆ ಬಾರಿಸಿದ ಹಾಗೆ ಮೊಳಗಿತಂತೆ. ಒಳಗೆ ಖಾಲಿ ಇಲ್ಲದೆ ಮೊಳಗುತ್ತದೆಯೇ ಎಂದು ಅವನು ಕೇಳುತ್ತಿದ್ದ. ಫೋನಿನ ವಾಲ್ಯೂಮು ಎಷ್ಟಿತ್ತೆಂದರೆ ಕೊಟ್ಟಿಗೆಯಲ್ಲಿದ್ದ ಹಸುವೂ ಕಿವಿ ನಿಮಿರಿಸಿತು.

"ಅದನ್ನ ಸ್ವಲ್ಪ ಮೆಲ್ಲಗಿಡಿ ರೀ!"

ಅವರು ಕೇಳಿಸಿಕೊಳ್ಳಲಿಲ್ಲ. ಆ ಮೊಳಗುವ ಮಾತು ಬರುವ ಕಡೆ ಹಿಂದಕ್ಕೆ ಎಳೆದು ಮತ್ತೆ ಹಾಕಿದರು. ಆಮೇಲೆ ಮತ್ತೊಮ್ಮೆ.

ನಮ್ಮ ಮನೆಯವರನ್ನು ದಡ್ಡರು ಎಂದುಕೊಳ್ಳಬೇಡಿ. ನಮ್ಮ ಹೋಬಳಿಯಲ್ಲಿ ಅವರ ಕಿವಿಗೆ ಒಂದು ಹೆಸರೇ ಇದೆ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಮೊದಲು ಅಲ್ಲಾಡಿಸಿದರೆ ನೀರು ಕುಲುಕುತ್ತದೆ. ಆಮೇಲೆ ನೀರು ಇಂಗಿ ಸದ್ದು ಅಡಗುತ್ತದೆ. ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೆ ಲೊಡ ಲೊಡ ಅನ್ನುತ್ತದೆ. ಆ ಲೊಡ ಲೊಡ ಬರುವ ಮುಂಚೆ ಒಡೆದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ, ವರ್ಷದ ಕಾಯುವಿಕೆ ಮಣ್ಣುಪಾಲು. ಸುತ್ತಲ ಹಳ್ಳಿಯವರು ಅಟ್ಟ ಇಳಿಸುವ ಮುಂಚೆ ನಮ್ಮ ಮನೆಯವರನ್ನು ಕರೆಸಿ, ಕಾಯಿ ಅವರ ಕಿವಿಯ ಹತ್ತಿರ ಅಲ್ಲಾಡಿಸಿ, ಅವರು ತಲೆಯಾಡಿಸಿದ ಮೇಲೇ ಕೈ ಹಾಕುತ್ತಿದ್ದರು. ನನಗೂ ಅದರ ಮೇಲೆ ಹೆಮ್ಮೆ. ಅವರ ಮುಂದೆ ಹೇಳುತ್ತಿರಲಿಲ್ಲ, ತಲೆಗೇರುತ್ತದೆ ಅಂತ.

ಅವರ ಹೆಸರನ್ನು ಇನ್ನೂ ಹೇಳಲಿಲ್ಲ, ಬೇಕೆಂದೇ. ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಹೆಂಡತಿ ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ. ಸ್ಕೂಲಿನಲ್ಲಿ ಯಾವುದಾದರೂ ಕಾಗದಕ್ಕೆ ಗಂಡನ ಹೆಸರು ಕೇಳಿದರೆ ಬರೆದು ಮುಂದೆ ತಳ್ಳುತ್ತಿದ್ದೆನೇ ಹೊರತು ಹೇಳುತ್ತಿರಲಿಲ್ಲ. ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಭಾಷಣ ಬಿಗಿದು ಮನೆಗೆ ಬಂದು "ರೀ" ಎನ್ನುತ್ತಿದ್ದವಳು ನಾನು. ನಗುವುದಾದರೆ ನಗಿ.

ಚಂದ್ರನ ಜಗಳ ದಿನಾ ನಡೆಯಿತು. ಅವರು ಅಡುಗೆಮನೆ ಬಾಗಿಲಿಗೆ ಒರಗಿ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು, ನಾನು ಸೌಟು ಹಿಡಿದು ವಾದಿಸುತ್ತಿದ್ದೆ.

"ಶಿವ ತಲೆ ಮೇಲೆ ಇಟ್ಕೊಂಡಿರೋನು ರೀ ಚಂದ್ರ. ಅದನ್ನ ಟೊಳ್ಳು ಅಂತೀರಲ್ಲ, ನಾಲಿಗೆ ಹೆಂಗೆ ಬರುತ್ತೆ?"

"ಟೊಳ್ಳಾಗಿರೋದಕ್ಕೇ ಇಟ್ಕೊಂಡವ್ನೆ. ಗಟ್ಟಿ ಇದ್ದಿದ್ರೆ ಕುತ್ತಿಗೆ ಉಳೀತಿತ್ತಾ?"

ನಗು ಬಂದರೂ ನಗಲಿಲ್ಲ. ನಕ್ಕರೆ ಸೋತ ಹಾಗೆ.

ಒಂದು ಸಂಜೆ ನನ್ನ ತಾಳ್ಮೆ ಕೆಟ್ಟಿತು. "ಚಂದ್ರನಲ್ಲಿ ಗಾಳೀನೇ ಇಲ್ಲ! ಗಾಳಿ ಇಲ್ಲದ ಕಡೆ ಸದ್ದು ಎಲ್ಲಿಂದ ಬರುತ್ತೆ? ಗಂಟೆಯಂತೆ, ಮೊಳಗಿತಂತೆ. ಪಕ್ಕದಲ್ಲೇ ಮನುಷ್ಯ ನಿಂತಿದ್ರೂ ಅವನಿಗೆ ಏನೂ ಕೇಳಿಸ್ತಿರಲಿಲ್ಲ. ಅಲ್ಲೊಂದು ಮಿಷನ್ ಇಟ್ಟು ಬಂದಿದ್ರು, ಅದು ನೆಲದ ನಡುಕ ಹಿಡೀತು, ಅಷ್ಟೇ!"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಯಾರಿಗೂ ಕೇಳಿಸ್ತಿರ್ಲಿಲ್ವಾ?" ಎಂದರು.

"ಯಾರಿಗೂ."

"ಆದ್ರೂ ಅದು ಮೊಳಗ್ತಿತ್ತು ತಾನೆ?"

ನಾನು ಸಾರಿಗೆ ಒಗ್ಗರಣೆ ಹಾಕಿದೆ. ಅವತ್ತಿನಿಂದ ಅವರ ಮಾತು ಕಡಿಮೆಯಾಯಿತು. ಹಿಂದಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಸಾರು ಹಾಕಲಾ, ಮಜ್ಜಿಗೆ ಹಾಕಲಾ ಎಂದರೆ "ಹ್ಞೂ" ಎನ್ನುತ್ತಿದ್ದರು. ಎರಡಕ್ಕೂ ಹ್ಞೂ ಅಂದರೆ ಏನು ಅರ್ಥ? ಒಂದು ದಿನ ಎರಡನ್ನೂ ಹಾಕಿಬಿಟ್ಟೆ, ಕಲಸಿಕೊಂಡು ಉಂಡರು. ಈ ವಯಸ್ಸಿನಲ್ಲಿ ಒಂದು ಚಂದ್ರನಿಗಾಗಿ ಹೆಂಡತಿಯ ಮೇಲೆ ಇಷ್ಟು ಮುನಿಸೇ ಎಂದು ನನಗೂ ಉರಿಯಿತು. ತುಮಕೂರಿನ ಮರಳೂರಿನಲ್ಲಿರುವ ಮಗಳು ಮಧುಶ್ರೀಗೆ ಫೋನು ಮಾಡಿ ದೂರಿದೆ. ಅವಳು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. "ಅಪ್ಪಾಜಿ ನಂಗೂ ಫೋನಲ್ಲಿ ಸರಿಯಾಗಿ ಮಾತಾಡಲ್ಲಮ್ಮ. ಹ್ಞೂ ಹ್ಞೂ ಅಂದು ನಿನ್ ಕೈಗೆ ಕೊಟ್ಬಿಡ್ತಾರೆ," ಎಂದಳು.

ಕೊಬ್ಬರಿ ಒಡೆಯುವ ದಿನ ಬಂತು. ತಿಮ್ಮೇಶ ಆಳುಗಳೊಂದಿಗೆ ತನ್ನ ಗೂಡ್ಸ್ ಆಟೋದಲ್ಲಿ ಬಂದಿಳಿದ. ನಮ್ಮ ಮನೆಯವರು ಆಗಲೇ ಅಟ್ಟ ಹತ್ತಿದ್ದರು. ಏಣಿಯ ಕೆಳಗೆ ನಿಂತು ನೋಡಿದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿಯುತ್ತಿರಲಿಲ್ಲ. ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸುತ್ತಿದ್ದರು. ಇದೇನು ಹೊಸ ಶಾಸ್ತ್ರ ಎಂದುಕೊಂಡೆ.

"ಎಲ್ಲಾ ಆಗೈತೆ, ಇಳಿಸ್ರಪ್ಪ," ಎಂದರು.

ಯಜಮಾನರು ಹೇಳಿದ ಮೇಲೆ ಮರುಮಾತುಂಟೇ? ಆಳುಗಳು ಮೊದಲಿಗೆ ಒಂದಷ್ಟು ಇಳಿಸಿ ಸುಲಿದು ರಾಶಿ ಹಾಕಿದರು. ತಿಮ್ಮೇಶ ಅಂಗಳದಲ್ಲಿ ಕೂತು ಒಡೆಯಲು ಶುರು ಮಾಡಿದ. ಮೊದಲನೆಯದು ಚೂರಾಯಿತು. ಅವನು ಅದನ್ನು ಬದಿಗಿಟ್ಟ. ಆಮೇಲಿನದೂ ಹಾಗೇ. ಒಳಗಿನ ಕೊಬ್ಬರಿ ಹಸಿಹಸಿ, ಚಿಪ್ಪಿಗೆ ಕಚ್ಚಿಕೊಂಡಿತ್ತು. ಒಂದರಲ್ಲಂತೂ ಇನ್ನೂ ನೀರೇ ಇತ್ತು. ಅವನು ಉಳಿದವನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಒಂದೆರಡು ಬಿಟ್ಟು ಯಾವುದೂ ಲೊಡ ಅನ್ನಲಿಲ್ಲ.

"ಯಜಮಾನ್ರೆ," ಎಂದ, ತಪ್ಪು ತನ್ನದೇನೋ ಅನ್ನುವ ಹಾಗೆ, "ಇವು ಇನ್ನೂ ಆಗಿಲ್ಲ ಅನ್ನುಸ್ತದೆ."

ಅವರು ಒಂದು ಕಾಯಿ ಎತ್ತಿಕೊಂಡು ಎಲ್ಲರೆದುರು ಅಲ್ಲಾಡಿಸಿದರು. "ಆಗೈತಲ್ಲೋ! ಈ ಸಲ ಮಳೆ ಹಿಂದೆ ಮುಂದೆ ಆಯ್ತು, ಅದಕ್ಕೆ ಅಂಟ್ಕೊಂಡೈತೆ." ನಾವು ನಿಂತಲ್ಲಿಗೇ ನೀರು ಕುಲುಕುವ ಸದ್ದು ಕೇಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಯಾರೂ ನಗುತ್ತಿರಲಿಲ್ಲ. ಆಳುಗಳೆಲ್ಲ ನೆಲ ನೋಡುತ್ತಿದ್ದರು. ನಮ್ಮ ಮನೆಯವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಾಯಿಯನ್ನು ನಿಧಾನವಾಗಿ ರಾಶಿಯ ಮೇಲಿಟ್ಟರು.

"ಇನ್ ಮೇಲೆ ನನ್ನ ಯಾರೂ ಕಾಯಿ ನೋಡೋಕೆ ಕರೀಬೇಡಿ," ಎಂದು ಹಿತ್ತಲಿಗೆ ಹೋಗಿಬಿಟ್ಟರು.

ತಿಮ್ಮೇಶ ಕತ್ತಿ ಕೆಳಗಿಟ್ಟ. "ನಂದೇ ತಪ್ಪು ಮೇಡಮ್ಮೋರೆ. ಆ ಚಂದ್ರ ಗಿಂದ್ರ ಅಂತ ಕಳ್ಸಿ ಯಜಮಾನ್ರ ತಲೆ ಕೆಡ್ಸಿದೆ."

ನಾನು ಮಜ್ಜಿಗೆ ಲೋಟ ಹಿಡಿದು ಹಿತ್ತಲಿಗೆ ಹೋದೆ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಕಡೆ ಮುಖ ಮಾಡಿ ಕೂತಿದ್ದರು.

"ರೀ," ಎಂದೆ. ತಿರುಗಲಿಲ್ಲ.

"ರೀ, ಮಜ್ಜಿಗೆ ತಂದಿದೀನಿ." ಇಲ್ಲ.

"ಏನ್ರೀ, ಎಷ್ಟು ಸಲ ಕರೀಬೇಕು? ಚಂದ್ರ ಟೊಳ್ಳು ಅಂತ ನಾನು ಒಪ್ಪಿಕೊಳ್ಳೋವರೆಗೂ ಹಿಂಗೇ ಕೂತಿರ್ತೀರಾ?"

ಬೆನ್ನು ಅಲುಗಲಿಲ್ಲ. ಸಿಟ್ಟು ನೆತ್ತಿಗೇರಿತು. ಏನಾದರಾಗಲಿ ಎಂದು, ಮದುವೆಯಾದಂದಿನಿಂದ ನಾಲಿಗೆಯ ಮೇಲೆ ಬಾರದ ಹೆಸರನ್ನು, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ಕೂಗಿದೆ.

"ಸಂಗಮೇಶಾ!"

ಅಂಗಳದಲ್ಲಿ ಆಳುಗಳ ಗುಸುಗುಸು ನಿಂತಿತು. ತಿಮ್ಮೇಶ ಹಿತ್ತಲ ಬಾಗಿಲಿಗೆ ಬಂದು ಬಾಯಿ ಬಿಟ್ಟುಕೊಂಡು ನಿಂತ. ಬೇಲಿಯಾಚೆ ಮೇಯುತ್ತಿದ್ದ ಮೇಕೆ ಕೂಡ ತಲೆಯೆತ್ತಿತು. ಅವರೊಬ್ಬರೇ ಹಾಗೇ ಕೂತಿದ್ದರು. ಕಾಲ ಬಳಿ ಬಿದ್ದಿದ್ದ ತೆಂಗಿನ ಗರಿಯೊಂದನ್ನು ಸೀಳುತ್ತಿದ್ದರು.

ಅಯ್ಯೋ ಶಿವನೇ! ಮುನಿಸಲ್ಲ, ಹಟವಲ್ಲ. ಇವರಿಗೆ ಕೇಳಿಸುತ್ತಿಲ್ಲ.

ಮಜ್ಜಿಗೆ ಲೋಟ ನೆಲದ ಮೇಲಿಟ್ಟೆ. ಬಳಸಿಕೊಂಡು ಹೋಗಿ ಅವರೆದುರು ನಿಂತೆ. "ಯಾವಾಗ ಬಂದೆ?" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ನಾನು ಅಳುವುದನ್ನು ನೋಡಿದ ಮೇಲೆ ಅವರಿಗೂ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

"ಹೋದ ದೀಪಾವಳಿ ಹೊತ್ತಿಗೇ ಗೊತ್ತಾಯ್ತು ಕಣೇ," ಎಂದರು. "ದೂರದಲ್ಲಿ ಪಟಾಕಿ ಹೊಡೀತಿದ್ರು, ಬೆಂಕಿ ಕಾಣ್ತಿತ್ತು, ಸದ್ದೇ ಇಲ್ಲ. ಎದುರಿಗೆ ನಿಂತು ಮಾತಾಡಿದ್ರೆ ತಿಳೀತದೆ. ಹಿಂದೆ ನಿಂತ್ರೆ ಇಲ್ಲ."

ನಾನು ಅವರ ಮುಖದ ಹತ್ತಿರ ಬಾಗಿ, ಬಾಯಿ ಅಗಲಿಸಿ ಕೇಳಿದೆ, "ನನಗೆ ಯಾಕೆ ಹೇಳಲಿಲ್ಲ?"

"ಕಿವಿ ಒಂದೇ ಅಲ್ವಾ ನಂದು ಅಂತ ಇದ್ದಿದ್ದು? ನೀನು ಓದ್ದೋಳು, ನಾಕು ಜನಕ್ಕೆ ಪಾಠ ಹೇಳ್ದೋಳು. ನಾನು ಕಾಯಿ ನೋಡೋನು. ಅದೂ ಇಲ್ಲ ಅಂದ್ರೆ ಏನ್ ಉಳೀತು?" ಕೈಯಲ್ಲಿದ್ದ ಗರಿಯನ್ನು ಬಿಸಾಡಿದರು. "ಆ ವಿಡಿಯೋ ನೋಡ್ದಾಗ ಖುಷಿ ಆಯ್ತು. ನೀನೇ ಹೇಳ್ದೆ, ಅದು ಯಾರಿಗೂ ಕೇಳಿಸ್ಲಿಲ್ಲ, ನಡುಕದಲ್ಲೇ ಗೊತ್ತಾಯ್ತು ಅಂತ. ನಂಗೂ ಅಂಗೈಗೆ ಗೊತ್ತಾಯ್ತದೆ ಅಂದ್ಕೊಂಡೆ. ಆಗ್ಲಿಲ್ಲ. ಚಂದ್ರ ಅಲ್ಲ, ನಾನೇ ಟೊಳ್ಳಾಗಿರೋದು."

ಇಷ್ಟು ದಿನ ಸಾರು ಮಜ್ಜಿಗೆ ಕಲಸಿಕೊಂಡು ಉಂಡದ್ದು ನೆನಪಾಯಿತು. ಅವರ ಕೈ ಹಿಡಿದುಕೊಂಡೆ. ಕಿವಿಗೆ ಮಿಷನ್ ಹಾಕಿಸೋಣ ಎಂದು ಕೈಸನ್ನೆ ಮಾಡಿದೆ. ತಲೆಯಾಡಿಸಿಬಿಟ್ಟರು. "ಬ್ಯಾಡ. ಮಿಷನ್ ಸಿಗಿಸ್ಕೊಂಡು ಅಟ್ಟ ಹತ್ತಿದ್ರೆ ಊರೋರು ನಗ್ತಾರೆ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಗಳನ್ನು ನೋಡಿ ಬರೋಣ ಎಂಬ ನೆಪ ಹೇಳಿ ಮರುದಿನವೇ ಹೊರಡಿಸಿದೆ. ತಿಮ್ಮೇಶ ತನ್ನ ಆಟೋದಲ್ಲಿ ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಇವರನ್ನು ಮುಂದೆ ಪಕ್ಕದಲ್ಲಿ ಕೂರಿಸಿಕೊಂಡ, ನಾನು ಹಿಂದೆ ಚೀಲದ ಮೇಲೆ. ದಾರಿಯುದ್ದಕ್ಕೂ ಅವನು ಇವರ ಕಿವಿಗೆ ಬಾಯಿಟ್ಟು ಏನೋ ಕೂಗುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮತ್ತೆ ಯಾವ ವಿಡಿಯೋದ ಕಥೆಯೋ ಎಂದುಕೊಂಡೆ.

ಸಂಜೆ ಮರಳೂರಿನ ಮನೆಯ ತಾರಸಿಯ ಮೇಲೆ ಕೂತಿದ್ದೆವು. ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಹುಣ್ಣಿಮೆ ಚಂದ್ರ ಮೇಲೆ ಬರುತ್ತಿತ್ತು. ಮಧುಶ್ರೀಗೆ ಎಲ್ಲ ಹೇಳಿದ್ದೆ. ಅವಳು ಅಪ್ಪನ ಎದುರು ನೆಲದ ಮೇಲೆ ಕೂತಳು.

"ಅಪ್ಪಾಜಿ, ಚಂದ್ರ ಮೊಳಗಿದ್ದು ಸುಳ್ಳಲ್ಲ!" ಎಂದು ಕೂಗಿದಳು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಇವರು ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

"ಆದ್ರೆ ಟೊಳ್ಳಾಗಿರೋದಕ್ಕಲ್ಲ. ನಮ್ಮ ಭೂಮಿ ಒಳಗೆ ಎಲ್ಲಾ ಕಡೆ ನೀರಿನ ಪಸೆ ಇದೆ. ನಡುಕ ಬಂದ್ರೆ ಬೇಗ ಅಡಗಿಹೋಗುತ್ತೆ. ಚಂದ್ರನಲ್ಲಿ ಆ ಪಸೆ ಇಲ್ಲ. ಮೇಲಿನ ಬಂಡೆಯೆಲ್ಲ ಒಣಗಿ, ಬಿರುಕು ಬಿಟ್ಟು ಕೂತಿದೆ. ಅದಕ್ಕೇ ಒಂದ್ಸಲ ಹೊಡೆದ್ರೆ ನಡುಕ ಅಲ್ಲಲ್ಲೇ ಸುತ್ತಾಡ್ತಾ ಇರುತ್ತೆ, ನಿಲ್ಲೋಕೆ ಬಹಳ ಹೊತ್ತು ಬೇಕು."

ಅವರು ಆಕಾಶ ನೋಡಿದರು. "ಪಸೆ ಇರೋ ಕಾಯಿ ಸದ್ದು ನುಂಗ್ತದೆ, ಒಣಕಾಯಿ ನುಡೀತದೆ," ಎಂದರು. "ಅಂದ್ರೆ ಒಳಗೆ ಕೊಬ್ಬರಿ ಐತೆ ಅಂತಾಯ್ತು."

"ಐತೆ ಅಪ್ಪಾಜಿ. ಒಳಗೆಲ್ಲ ಗಟ್ಟಿ ಕಲ್ಲು, ನಡುವೆ ಕಬ್ಬಿಣ. ತೂಕದ ಲೆಕ್ಕ ಹಾಕಿದ್ರೂ ಟೊಳ್ಳಿಗೆ ಜಾಗ ಇಲ್ಲ."

"ಒಣಗಿರ್ಬೋದು. ಟೊಳ್ಳಲ್ಲ ಅಂತ ನಾನಿನ್ನೂ ಒಪ್ಪಿಲ್ಲ," ಎಂದು ಪಟ್ಟು ಬಿಡದೆ ಕೂತರು.

ನಾನು ಮಗಳನ್ನು ಸರಿಸಿ ಅವರೆದುರು ಕೂತೆ. "ಚಂದ್ರ ಏನಾದ್ರೂ ಹಾಳಾಗಿ ಹೋಗಲಿ. ನೀವು ಟೊಳ್ಳಲ್ಲ. ಅದನ್ನ ಮೊದಲು ಒಪ್ಪಿಕೊಳ್ಳಿ." ಅವರು ಕಣ್ಣು ತಗ್ಗಿಸಿದರು. ಗಲ್ಲ ಹಿಡಿದು ಎತ್ತಿದೆ, ಮಗಳಿದ್ದಾಳೆ ಅನ್ನುವ ನಾಚಿಕೆಯೂ ಆಗಲಿಲ್ಲ. "ಚಂದ್ರನ ಮಾತು ಕೇಳೋಕೆ ಅಮೆರಿಕದವರೇ ಅಲ್ಲೊಂದು ಮಿಷನ್ ಇಟ್ಟು ಬಂದ್ರಂತೆ. ಬರೀ ಕಿವಿ ನಂಬಿಕೊಂಡು ಕೂರಲಿಲ್ಲ. ಅವರನ್ನ ನೋಡಿ ಯಾರಾದ್ರೂ ನಕ್ಕರಾ? ನಿಮ್ಮದೇನು ಅವರಿಗಿಂತ ದೊಡ್ಡ ಕಿವಿಯಾ?"

ಅವರು ಚಂದ್ರನ ಕಡೆ ಮುಖ ತಿರುಗಿಸಿ ಕೂತರು. ಆದರೆ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಕಿವಿ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?" ಎಂದರು. ನನ್ನ ವಾದ ಗೆದ್ದಿತು ಎಂದು ನನಗೆ ಕೋಡು ಬಂತು. ಅಮೆರಿಕವನ್ನು ಎಳೆದು ತಂದಿದ್ದು ಒಳ್ಳೆಯದಾಯಿತು ಎಂದು ಮಗಳಿಗೆ ಕೊಚ್ಚಿಕೊಂಡೆ.

ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿಗೆ ಬಂದ ಕಿವುಡು, ಮಿಷನ್ ಹಾಕಿದರೆ ಸಾಕಷ್ಟು ಕೇಳುತ್ತದೆ ಎಂದರು. ಅದು ಕೈಗೆ ಬರಲು, ಹೊಂದಿಸಲು ಕೆಲವು ದಿನ ಹಿಡಿಯಿತು. ಹಾಕಿದ ಮೊದಲ ದಿನ ಅವರಿಗೆ ತುಮಕೂರಿನ ಹಾರನ್ನುಗಳು ತಡೆಯಲಾಗಲಿಲ್ಲ. "ಇಷ್ಟು ದಿನ ಸುಖವಾಗಿದ್ದೆ ಕಣೇ," ಎಂದು ಗೊಣಗಿದರು. ಊರಿಗೆ ಬಂದ ಮೇಲೆ ಹಸು ನೀರು ಕುಡಿಯುವ ಸದ್ದು ಕೇಳುತ್ತಾ ಕೊಟ್ಟಿಗೆಯಲ್ಲೇ ನಿಂತುಬಿಟ್ಟರು.

ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಏಣಿ ಹತ್ತಿದ್ದರು. ಅವತ್ತು ಇಳಿಸದೆ ಅಟ್ಟದಲ್ಲೇ ಉಳಿದಿದ್ದ ಕಾಯಿಗಳ ನಡುವೆ, ಈ ಕಡೆ ಬೆನ್ನು ಮಾಡಿ ಕೂತಿದ್ದರು. ಒಂದನ್ನು ಎತ್ತಿ ಕಿವಿಗೆ ಹಿಡಿದರು. ಅಲ್ಲಾಡಿಸಿದರು. ಕೆಳಗಿದ್ದ ನನಗೂ ಕೇಳಿಸಿತು, ನೀರಿನ ಸದ್ದು. ಬದಿಗಿಟ್ಟರು. ಇನ್ನೊಂದು. ಅದರಲ್ಲಿ ಸದ್ದೇ ಇಲ್ಲ, ಬದಿಗಿಟ್ಟರು. ಹೀಗೇ ತಡಕಾಡುತ್ತಾ ಮೂಲೆಯಿಂದ ಒಂದನ್ನು ಎಳೆದು ಅಲ್ಲಾಡಿಸಿದರು. ಲೊಡ ಲೊಡ. ಅವರ ಕೈ ನಿಂತಿತು. ಮತ್ತೆ ಅಲ್ಲಾಡಿಸಿದರು. ಅದನ್ನು ಎದೆಗೊತ್ತಿಕೊಂಡು ಕೂತರು. ಮುಖ ನನಗೆ ಕಾಣುತ್ತಿರಲಿಲ್ಲ, ಭುಜ ಅಲುಗುತ್ತಿದ್ದದ್ದು ಕಾಣುತ್ತಿತ್ತು.

ನಾನು ಏಣಿ ಹಿಡಿದು ನಿಂತಿದ್ದೆ. "ರೀ," ಎಂದೆ, ಮೆಲ್ಲಗೆ. ಇದೂ ಕೇಳುತ್ತದೆಯೋ ಇಲ್ಲವೋ ನೋಡೋಣ ಎಂದು.

"ಅದಲ್ಲ," ಎಂದರು, ತಿರುಗದೆಯೇ.

"ಏನು ಅದಲ್ಲ?"

"ಅವತ್ತು ಹಿತ್ತಲಲ್ಲಿ ಬೇರೆ ಏನೋ ಕರೆದ್ಯಂತಲ್ಲ. ತಿಮ್ಮೇಶ ಆಟೋದಲ್ಲಿ ಹೇಳ್ದ. ಮೇಡಮ್ಮೋರು ನಿಮ್ಮ ಹೆಸರು ಹಿಡಿದು ಕೂಗಿದ್ರು ಯಜಮಾನ್ರೆ, ನಿಮಗೇ ಕೇಳಿಸ್ಲಿಲ್ಲ ಅಂದ." "ಊರಿಗೆಲ್ಲ ಕೇಳೈತೆ, ನಂಗೊಬ್ಬಂಗೇ ಇಲ್ಲ. ನೀನು ಅಮೆರಿಕ ಗಿಮೆರಿಕ ಅಂದಿದ್ದಕ್ಕೆ ಡಾಕ್ಟ್ರ ಹತ್ರ ಹೋದೆ ಅಂದ್ಕೊಂಡ್ಯಾ? ಅದುನ್ನ ಕೇಳ್ಬೇಕಿತ್ತು ಕಣೇ ನಾನು. ಇನ್ನೊಂದ್ಸಲ ಕರಿ."

ನನ್ನ ಮುಖವೆಲ್ಲ ಬಿಸಿಯಾಯಿತು, ಹೊಸ ಮದುವಣಗಿತ್ತಿಯ ಹಾಗೆ. ಸಿಟ್ಟಿನಲ್ಲಿ ಕರೆಯುವುದು ಸುಲಭವಿತ್ತು. ಹಾಗೆಂದು ಇಷ್ಟು ಸುಲಭಕ್ಕೆ ಸೋಲುವವಳೂ ನಾನಲ್ಲ.

"ಚಂದ್ರ ಟೊಳ್ಳಲ್ಲ ಅಂತ ಒಪ್ಪಿಕೊಳ್ಳಿ, ಕರೀತೀನಿ."

ಅಟ್ಟದ ಮೇಲೆ ಅವರು ಆ ಕಾಯಿಯನ್ನು ಇನ್ನೊಂದು ಸಲ ಅಲ್ಲಾಡಿಸಿ ಕೇಳಿದರು.

"ಒಪ್ಕೊಂಡೆ," ಎಂದರು.

ನಾನು ಕರೆದೆ.